ಬರದ ದುಡ್ಡಿಗೂ ಒಂದು ಮತಪೆಟ್ಟಿಗೆ ಇರಲಿ

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದ ಹೊಳೆ ಹಳ್ಳಗಳು ಉಕ್ಕಿ ಊರೂರೇ ಮುಳುಗಿದವು. ಆಮೇಲೆ ಎದ್ದದ್ದು ‘ಆಸರೆ’ ಮನೆಗಳು. ದಾನಿಗಳು ದುಡ್ಡು ಕೊಟ್ಟರು, ಕಂಪನಿಗಳು, ಮಠಗಳು, ಸಂಘ ಸಂಸ್ಥೆಗಳು ಮುಂದೆ ಬಂದವು, ಸರ್ಕಾರ ಜಾಗ ಹುಡುಕಿತು. ಎರಡು ಮೂರು ವರ್ಷದಲ್ಲಿ ಸಾಲು ಸಾಲು ಮನೆಗಳು ನಿಂತವು. ಜನ ಮಾತ್ರ ಎಷ್ಟೋ ಕಡೆ ಅತ್ತ ಹೋಗಲೇ ಇಲ್ಲ. ಹೊಲ ದೂರವಾಯಿತು, ದನ ಕಟ್ಟಲು ಜಾಗವಿರಲಿಲ್ಲ, ಮೇವಿನ ಬಣವೆ ಒಟ್ಟಲು ಹಿತ್ತಲು ಇರಲಿಲ್ಲ. ಖಾಲಿ ಮನೆಗಳ ಸುತ್ತ ಜಾಲಿ ಬೆಳೆಯಿತು, ಬಾಗಿಲು ಕಿಟಕಿಗಳು ಒಂದೊಂದಾಗಿ ಮಾಯವಾದವು. ಕೊಪ್ಪಳ ಜಿಲ್ಲೆಯ ಕುಕನೂರಿಗೆ ಪಕ್ಕದ, ಗದಗ ಜಿಲ್ಲೆಯ ರೋಣ ತಾಲ್ಲೂಕಿನಲ್ಲೂ, ಆಚೆ ಬಾಗಲಕೋಟೆಯಲ್ಲೂ ಇದೇ ಕತೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಮೇಲೇರಿದಾಗ ಹಳೆಯ ಊರಲ್ಲೇ ಉಳಿದಿದ್ದವರು ಗಂಟುಮೂಟೆ ಹೊತ್ತು ಅವೇ ಪಾಳು ಮನೆಗಳ ಕಡೆ ನಡೆದರು.

ಕಟ್ಟಿದವರ ಮನಸ್ಸು ಕೆಟ್ಟದ್ದಾಗಿರಲಿಲ್ಲ, ದುಡ್ಡಿಗೂ ಕೊರತೆ ಇರಲಿಲ್ಲ. ಅಡಿಪಾಯ ತೋಡುವ ಮುಂಚೆ ನಾಲ್ಕು ನಕ್ಷೆ, ಎರಡು ಜಾಗ ಮುಂದಿಟ್ಟು ‘ಯಾವುದು ಬೇಕು’ ಎಂದು ಮನೆ ಕಳೆದುಕೊಂಡವರಿಂದಲೇ ಚೀಟಿ ಹಾಕಿಸಿದ್ದರೆ ಜಾಲಿಗೆ ಅಷ್ಟು ಜಾಗ ಸಿಗುತ್ತಿರಲಿಲ್ಲ.

ನೆರೆ ಕಣ್ಣಿಗೆ ಬೀಳುವ ಆಪತ್ತು. ಕುಕನೂರು, ಯಲಬುರ್ಗಾ, ಕುಷ್ಟಗಿ ಸೀಮೆಯ ಆಪತ್ತು ಅಂಥದ್ದಲ್ಲ. ಬರ ಸದ್ದಿಲ್ಲದೆ ಬಂದು ವರ್ಷಗಟ್ಟಲೆ ಕೂರುತ್ತದೆ. 2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರದ ಬಳಿ ಕೇಳಿದ್ದು ₹18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದದ್ದು ₹3,454 ಕೋಟಿ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ₹8,500ರಂತೆ, ಅದೂ ಎರಡು ಹೆಕ್ಟೇರ್ ಮಿತಿಯಲ್ಲಿ, ರೈತರ ಖಾತೆಗೆ ಜಮೆಯಾಯಿತು. ಸಾಲದ ಬಡ್ಡಿಗೋ ಬೀಜಕ್ಕೋ ಅದು ಮುಗಿಯಿತು. ಖಾತೆ ಇದ್ದವರಿಗೆ ಇಷ್ಟಾದರೂ ದಕ್ಕಿತು. ಆದರೆ ಬರ ಕೆಡಿಸಿದ ಊರಿನ ಸೊತ್ತಿಗೆ ಖಾತೆ ಇಲ್ಲ. ಹೂಳು ತುಂಬಿದ ಕೆರೆ, ಒಣಗಿದ ಬೋರು, ಒಂದು ಮಳೆ ಬಿದ್ದರೆ ಎತ್ತಿನ ಕಾಲು ಹೂತುಹೋಗುವ ಎರೆ ಹೊಲದ ದಾರಿ, ಗುಳೆ ಹೋದ ಮನೆಯ ಮಕ್ಕಳು ಅರ್ಧಕ್ಕೆ ಬಿಟ್ಟ ಶಾಲೆ, ಇವುಗಳಿಗೆ ದುಡ್ಡು ಬೇರೆ ಬೇರೆ ಬಾಗಿಲಿನಿಂದ ಬರುತ್ತದೆ. ಯಾವುದಕ್ಕೆ ಮೊದಲು ಎಂಬುದನ್ನು ಆ ಊರಿನವರು ತೀರ್ಮಾನಿಸುವುದಿಲ್ಲ.

ದುಡ್ಡೇ ಇಲ್ಲ ಎನ್ನುವಂತಿಲ್ಲ. ಈ ಭಾಗದ ಹಿಂದುಳಿದಿರುವಿಕೆಗೆ ಪರಿಹಾರವೆಂದೇ ಸಂವಿಧಾನಕ್ಕೆ 371ಜೆ ವಿಧಿ ಸೇರಿತು. ಹಿಂದೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ತಾಲ್ಲೂಕು ತಾಲ್ಲೂಕಾಗಿ ಅಳೆದು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವುಗಳ ಪಟ್ಟಿಗೆ ಹಾಕಿತ್ತು. ಆ ಅಳತೆಯ ನೆರಳಿನಲ್ಲೇ 2013ರಲ್ಲಿ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿ ಇಂದು ಕಲ್ಯಾಣ ಕರ್ನಾಟಕದ ಏಳು ಜಿಲ್ಲೆ, 41 ವಿಧಾನಸಭಾ ಕ್ಷೇತ್ರಗಳಿಗೆ ಅನುದಾನ ಹಂಚುತ್ತದೆ. 2023–24ರ ಬಜೆಟ್‌ನಲ್ಲಿ ಮಂಡಳಿಗೆ ಇಟ್ಟ ಮೊತ್ತ ₹5,000 ಕೋಟಿ. ಕುಕನೂರು ಯಲಬುರ್ಗಾ ಕ್ಷೇತ್ರದೊಳಗಿನದು. ಅಲ್ಲಿನ ಶಾಸಕ ಬಸವರಾಜ ರಾಯರಡ್ಡಿ ಮುಖ್ಯಮಂತ್ರಿಯ ಆರ್ಥಿಕ ಸಲಹೆಗಾರರಾಗಿ ನೇಮಕಗೊಂಡವರು. ಹಾಗಾಗಿ ಅನುದಾನ ತರುವ ಬಲ ಈ ಸೀಮೆಗೆ ಕಡಿಮೆಯೇನಿಲ್ಲ. ಪ್ರಶ್ನೆ ಇರುವುದು ಬಂದ ದುಡ್ಡಿನ ಮೇಲೆ ಯಾರ ಬೆರಳು ಎಂಬಲ್ಲಿ.

ಶಾಸಕರು ಪಟ್ಟಿ ಕೊಡುತ್ತಾರೆ, ಎಂಜಿನಿಯರ್ ಎಸ್ಟಿಮೇಟ್ ಹಾಕುತ್ತಾರೆ, ಮಂಡಳಿ ಕ್ರಿಯಾಯೋಜನೆಗೆ ಒಪ್ಪಿಗೆ ಕೊಡುತ್ತದೆ, ಟೆಂಡರ್ ಆಗುತ್ತದೆ. ಭೂಮಿಪೂಜೆಯ ದಿನ ಊರವರಿಗೆ ಗೊತ್ತಾಗುತ್ತದೆ, ಬರುವುದು ಸಿಸಿ ರಸ್ತೆಯೋ ಸಮುದಾಯ ಭವನವೋ ಹೈಮಾಸ್ಟ್ ದೀಪವೋ ಎಂದು.

ಪಂಚಾಯಿತಿಗಳ ಅನುದಾನವೂ ಬಹುಪಾಲು ಹೆಸರು ಬರೆಸಿಕೊಂಡೇ ಬರುತ್ತದೆ. 15ನೇ ಹಣಕಾಸು ಆಯೋಗದ ದುಡ್ಡಿನಲ್ಲಿ ಶೇ 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು. ಅದು ತಪ್ಪಲ್ಲ. 2023ರ ಜೂನ್‌ನಲ್ಲಿ ಇದೇ ಜಿಲ್ಲೆಯ ಕನಕಗಿರಿ ತಾಲ್ಲೂಕಿನ ಬಸರಿಹಾಳದಲ್ಲಿ ಕಲುಷಿತ ನೀರು ಕುಡಿದು ವಾಂತಿ ಭೇದಿಯಿಂದ ಜನ ಸತ್ತ ಮೇಲೆ ನೀರಿಗೆ ಬೇಲಿ ಹಾಕಿದ ದುಡ್ಡು ಬೇಡ ಎನ್ನಲು ಯಾರಿಗೂ ಬಾಯಿ ಬಾರದು. ಆದರೆ ನೀರಿಗೆಂದೇ ಬಂದ ದುಡ್ಡಿನೊಳಗೂ ಆಯ್ಕೆಗಳಿವೆ. ಚರಂಡಿಯೊಳಗೆ ಹಾಯ್ದುಹೋಗುವ ಪೈಪ್ ಬದಲಿಸಬೇಕೋ, ಕೆಟ್ಟು ನಿಂತ ಶುದ್ಧ ನೀರಿನ ಘಟಕ ರಿಪೇರಿ ಮಾಡಬೇಕೋ, ಹೊಸ ಬೋರು ಕೊರೆಸಬೇಕೋ? ಕೊಡ ಹೊತ್ತು ನಡೆಯುವ ಹೆಂಗಸರಿಗೆ ಇದರ ಉತ್ತರ ಜೆಇ ಸಾಹೇಬರಿಗಿಂತ ಮೊದಲೇ ಗೊತ್ತಿರುತ್ತದೆ.

ಕಾನೂನಿನಲ್ಲಿ ಇದಕ್ಕೆಲ್ಲ ಜಾಗವಿದೆ ಎಂದು ಅಧಿಕಾರಿಗಳು ಹೇಳುತ್ತಾರೆ. ಹೌದು, ಇದೆ. ಅಬ್ದುಲ್ ನಜೀರ್‌ಸಾಬ್ ಕಾಲದ 1983ರ ಕಾಯ್ದೆಯಲ್ಲೇ ಗ್ರಾಮಸಭೆ ಇತ್ತು. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಗಟ್ಟಿ ಮಾಡಿತು. ರಮೇಶ್ ಕುಮಾರ್ ಸಮಿತಿಯ ಶಿಫಾರಸಿನ ನಂತರದ ತಿದ್ದುಪಡಿ ಕಾಯ್ದೆಯ ಹೆಸರಿಗೇ ‘ಗ್ರಾಮ ಸ್ವರಾಜ್’ ಎಂದು ಸೇರಿಸಿತು. ವಾರ್ಡ್ ಸಭೆ, ಗ್ರಾಮಸಭೆ, ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆ, ಜಮಾಬಂದಿ ಎಲ್ಲವೂ ಕಾಗದದಲ್ಲಿವೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯೂ ಕಾಮಗಾರಿ ಶಿಫಾರಸು ಮಾಡುವ ಅಧಿಕಾರವನ್ನು ಗ್ರಾಮಸಭೆಗೇ ಕೊಟ್ಟಿತ್ತು. ನಡೆಯುವುದು ಏನು ಎಂದು ನೋಡಿದವರಿಗೆಲ್ಲ ಗೊತ್ತು. ಕೋರಂ ತುಂಬಲಿಲ್ಲವೆಂದು ಒಂದು ಸಲ ಮುಂದೂಡುತ್ತಾರೆ, ಇನ್ನೊಂದು ಸಲ ಮನೆಯ ಫಲಾನುಭವಿ ಪಟ್ಟಿಗಾಗಿ ಜಗಳ. ಕೊನೆಗೆ ಪುಸ್ತಕದಲ್ಲಿ ಸಹಿ.

ಈ ಮಾತು ಹಳ್ಳಿಗಳಿಗೆ. ಕುಕನೂರು ಪಟ್ಟಣದ ಕತೆ ಇನ್ನೂ ವಿಚಿತ್ರ. ಅದು ಗ್ರಾಮ ಪಂಚಾಯಿತಿಯಾಗಿದ್ದಷ್ಟು ದಿನ ಅಲ್ಲಿನವರಿಗೆ ಗ್ರಾಮಸಭೆಯ ಹಕ್ಕಿತ್ತು. ಪಟ್ಟಣ ಪಂಚಾಯಿತಿ ಆದ ದಿನ ಆ ಹಕ್ಕು ಹೋಯಿತು. 2017–18ರ ಬಜೆಟ್‌ನಲ್ಲಿ ಹೊಸ ತಾಲ್ಲೂಕೆಂದು ಘೋಷಣೆಯಾಗಿ ಊರಿಗೆ ಕಚೇರಿಗಳೂ ಬರತೊಡಗಿದವು, ಸಭೆ ಮಾತ್ರ ಮರಳಲಿಲ್ಲ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಕುಕನೂರು ಆ ಲೆಕ್ಕಕ್ಕೆ ಯಾವ ಕಾಲಕ್ಕೂ ಬರುವುದಿಲ್ಲ. ಇನ್ನು ಉಳಿದದ್ದು ಬಜೆಟ್ ಪೂರ್ವಭಾವಿ ಸಭೆ. ಅಲ್ಲಿ ಚಹಾ ಬಿಸ್ಕತ್ತು ಇರುತ್ತದೆ, ನಾಲ್ಕು ಸಂಘಗಳ ಮುಖಂಡರಿರುತ್ತಾರೆ, ಸಲಹೆಗಳನ್ನು ಬರೆದುಕೊಳ್ಳುತ್ತಾರೆ. ಊರು ದೊಡ್ಡದಾದಂತೆ ಊರಿನವರ ಬಾಯಿ ಸಣ್ಣದಾಗುವ ಈ ಏರ್ಪಾಟನ್ನು ಬಡ್ತಿ ಎಂದು ಕರೆಯುವುದು ನಮ್ಮ ಆಡಳಿತಕ್ಕೆ ಮಾತ್ರ ಸಾಧ್ಯ.

ಹಾಗಾದರೆ ಪಟ್ಟಣಕ್ಕೂ ಒಂದು ಸಭೆ ಕೊಟ್ಟರೆ ಸಾಕೇ? ಸಾಲದು. ಸಭೆಯ ಹಂಬಲದಲ್ಲಿ ನಾವು ಸಭೆಯ ಒಳಗೆ ನಡೆಯುವುದನ್ನು ಮರೆಯುತ್ತೇವೆ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ದಲಿತ ಕುಟುಂಬದ ಎರಡು ವರ್ಷದ ಕೂಸು ಹುಟ್ಟುಹಬ್ಬದ ದಿನ ಹನುಮಂತನ ಗುಡಿಯೊಳಗೆ ಓಡಿತು. ಊರಿನ ಹಿರಿಯರು ದೈವ ಕೂಡಿಸಿದರು. ಶುದ್ಧೀಕರಣಕ್ಕೆಂದು ಆ ಮನೆಯವರಿಂದ ₹25,000 ಕೇಳಿದ್ದು ಆ ಸಭೆಯೇ. ಪೊಲೀಸರು ಬಂದು ಬಂಧಿಸಿದರು, ಅದು ಬೇರೆ ಮಾತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಆಮೇಲೆ ಹೈಕೋರ್ಟ್‌ಗೆ ಹೋಯಿತು. ಇಂಥ ಊರುಗಳಲ್ಲಿ ‘ಕೆರೆ ಬೇಕೋ, ಗುಡಿಯ ಮುಂದಿನ ಕಾಂಕ್ರೀಟ್ ಬೇಕೋ, ಕೈ ಎತ್ತಿ’ ಎಂದರೆ ಕೂಲಿಗೆ ಹೋಗುವ ಹೆಣ್ಣುಮಗಳು ತನಗೆ ಕೂಲಿ ಕೊಡುವ ಗೌಡರ ಮುಖ ನೋಡಿಯೇ ಕೈ ಎತ್ತಬೇಕು. ಬಯಲಲ್ಲಿ ಕೈ ಎತ್ತಿಸುವುದು ಪ್ರಜಾಪ್ರಭುತ್ವದ ವೇಷ ಹಾಕಿದ ದಾಕ್ಷಿಣ್ಯ. ವಿಧಾನಸಭೆಗೆ ಮರೆಯಲ್ಲಿ ಮತ ಹಾಕುವ ಅದೇ ಹೆಣ್ಣುಮಗಳಿಗೆ ತನ್ನ ಓಣಿಯ ನಲ್ಲಿಯ ವಿಷಯದಲ್ಲೂ ಅದೇ ಮರೆ ಬೇಕು.

ಆದ್ದರಿಂದ ಕೇಳಬೇಕಾದದ್ದು ಇಷ್ಟು: ಪರಿಹಾರ, ಪುನಶ್ಚೇತನ, ಅಸಮತೋಲನ ನಿವಾರಣೆ ಎಂಬ ಹೆಸರಿನಲ್ಲಿ ಬರುವ ಅನುದಾನದ ಒಂದು ಚಿಕ್ಕ ಪಾಲನ್ನು ಊರಿನ ನಿವಾಸಿಗಳ ಗುಪ್ತ ಮತದಾನಕ್ಕೆ ಬಿಟ್ಟುಕೊಡಬೇಕು. ಮಂಡಳಿಯ ₹5,000 ಕೋಟಿಯಲ್ಲಿ ನೂರಕ್ಕೆ ಒಂದು ರೂಪಾಯಿ ಎಂದರೂ ₹50 ಕೋಟಿ. 41 ಕ್ಷೇತ್ರಕ್ಕೆ ಹಂಚಿದರೆ ತಲಾ ಒಂದೂಕಾಲು ಕೋಟಿಯ ಹತ್ತಿರ. ಯಾವ ಶಾಸಕರ ಪ್ರಭಾವವೂ ಇದರಿಂದ ಕರಗಿಹೋಗುವುದಿಲ್ಲ.

ಇದು ಗಾಳಿಯಲ್ಲಿ ಕಟ್ಟಿದ ಮಾತಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟಿನ ಒಂದು ಭಾಗವನ್ನು ಬಡಾವಣೆಯವರ ತೀರ್ಮಾನಕ್ಕೆ ಬಿಟ್ಟಿತು. 1988ರಲ್ಲಿ ಅಲ್ಲಿ ಶೇ 75ರಷ್ಟು ಮನೆಗಳಿಗಿದ್ದ ನೀರು ಮತ್ತು ಒಳಚರಂಡಿ ಸಂಪರ್ಕ 1997ರ ಹೊತ್ತಿಗೆ ಶೇ 98ಕ್ಕೆ ಏರಿತು. ಜನರ ಕೈಗೆ ಪಟ್ಟಿ ಕೊಟ್ಟಾಗ ಅವರು ಬರೆದದ್ದು ಪ್ರತಿಮೆಯನ್ನಲ್ಲ, ಕೊಳವೆಯನ್ನು. ಮೇಯರ್‌ಗಳು ಬದಲಾದಂತೆ ಉತ್ಸಾಹವೂ ಸೋರಿ, 2017ರಲ್ಲಿ ಅದೇ ನಗರ ಆ ಪದ್ಧತಿಗೆ ವಿರಾಮ ಹಾಕಿತು ಎಂಬುದನ್ನೂ ಹೇಳಬೇಕು. ನ್ಯೂಯಾರ್ಕ್ 2011ರಲ್ಲಿ ನಾಲ್ಕು ಕೌನ್ಸಿಲ್ ಕ್ಷೇತ್ರಗಳಲ್ಲಿ ಶುರು ಮಾಡಿದಾಗ ಪೌರತ್ವ ಇಲ್ಲದ ವಲಸಿಗರಿಗೂ ಮತ ಕೊಟ್ಟಿತು.

ದೂರದ ಮಾತು ಬೇಡವೆಂದರೆ ಗಡಿಯಾಚೆಯ ಕೇರಳವಿದೆ. 1996ರ ಆಗಸ್ಟ್‌ನಲ್ಲಿ ಶುರುವಾದ ಜನಕೀಯ ಯೋಜನೆಯಲ್ಲಿ ರಾಜ್ಯದ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟರು. ಮಂಜೇಶ್ವರ, ಪೈವಳಿಕೆಯ ಕನ್ನಡಿಗರೂ ಆ ಗ್ರಾಮಸಭೆಗಳ ಹಕ್ಕುದಾರರೇ. ಪುಣೆ ಮಹಾನಗರ ಪಾಲಿಕೆ 2006ರಿಂದ ನಾಗರಿಕರ ಬೇಡಿಕೆ ಅರ್ಜಿ ತೆಗೆದುಕೊಂಡಿತು. ಬೆಂಗಳೂರು ಮಹಾನಗರ ಪಾಲಿಕೆ 2020–21ರಲ್ಲಿ 198 ವಾರ್ಡ್‌ಗಳಿಗೂ ತಲಾ ₹60 ಲಕ್ಷದಂತೆ ₹118.8 ಕೋಟಿಯನ್ನು ವಾರ್ಡ್ ಸಮಿತಿಗಳ ತೀರ್ಮಾನಕ್ಕೆಂದು ಎತ್ತಿಟ್ಟಿತು. ವರ್ಷಗಟ್ಟಲೆ ‘ನನ್ನ ನಗರ ನನ್ನ ಬಜೆಟ್’ ಎಂದು ಬೀದಿ ಬೀದಿ ತಿರುಗಿದವರ ಒತ್ತಡ ಅದರ ಹಿಂದಿತ್ತು. ಆದರೆ ಪುಣೆಯಲ್ಲಿ ಅರ್ಜಿ ಬರೆದದ್ದು ಜನ, ಆರಿಸಿದ್ದು ಕಚೇರಿ. ಬೆಂಗಳೂರಿನಲ್ಲಿ ಆರಿಸಿದ್ದು ಬೆರಳೆಣಿಕೆಯ ಸಮಿತಿ ಸದಸ್ಯರು, ಅವರಲ್ಲೂ ನಾಮನಿರ್ದೇಶನಗೊಂಡವರೇ ಹೆಚ್ಚು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿಯೂ ಮುಗಿಯಿತು. ಓಣಿಯ ನಿವಾಸಿ ಚೀಟಿ ಹಾಕಿ ಕಾಮಗಾರಿ ಆರಿಸುವ ಕೆಲಸ ಕರ್ನಾಟಕದ ರಾಜಧಾನಿಯಲ್ಲೂ ಆಗಿಲ್ಲ. ಕುಕನೂರಿಗೆ ಮೊದಲಿಗನಾಗುವ ಅವಕಾಶ ಇದೆ.

ಪಕ್ಕದ ಬಳ್ಳಾರಿ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ದುಡ್ಡು ಕಾದಿದೆ. ಹೋರಾಟಗಾರ ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯ ಹೂಡಿದ ಗಣಿ ಮೊಕದ್ದಮೆಯ ಫಲವಾಗಿ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ನಿಗಮ ಹುಟ್ಟಿತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ನೇಮಿಸಿತು. ಯೋಜನೆಯ ಗಾತ್ರ ₹24 ಸಾವಿರ ಕೋಟಿಗೂ ಹೆಚ್ಚು. ಕೆಂಪು ದೂಳು ಕುಡಿದ ಸಂಡೂರಿನ ಹಳ್ಳಿಯವರು ಆಸ್ಪತ್ರೆ ಮೊದಲೋ ರಸ್ತೆ ಮೊದಲೋ ಎಂದು ಮತ ಹಾಕುವ ದಾರಿ ಅಲ್ಲೂ ಇಲ್ಲ. ಕುಕನೂರಿನಲ್ಲಿ ಒಂದು ಕೋಟಿಯ ಪ್ರಯೋಗ ನೆಟ್ಟಗೆ ನಡೆದರೆ ಅಲ್ಲಿಗೂ ತೋರಿಸಲು ಒಂದು ನಮೂನೆಯಾದರೂ ಸಿಗುತ್ತದೆ.

ಆಕ್ಷೇಪ ಬರುತ್ತದೆ. ಜನಕ್ಕೆ ತಾಂತ್ರಿಕ ತಿಳಿವಳಿಕೆ ಇಲ್ಲ ಎನ್ನುವುದು ಮೊದಲನೆಯದು, ಅದು ಎಲ್ಲಕ್ಕಿಂತ ಪೊಳ್ಳು. 2019ರಲ್ಲಿ ಕೊಪ್ಪಳ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ಇಳಿದಾಗ ಇಪ್ಪತ್ತು ಕಿ.ಮೀ.ಗೂ ಹೆಚ್ಚು ಉದ್ದದ ಹಳ್ಳದ ಜಾಲಿ, ಆಪು, ಹೂಳು ತೆಗೆದದ್ದು ಜನರ ದೇಣಿಗೆ ಮತ್ತು ಜನರದೇ ಟ್ರ್ಯಾಕ್ಟರ್, ಜೆಸಿಬಿಗಳು. ನಿಡಶೇಸಿ ಕೆರೆ, ಗಿಣಿಗೇರಾ ಕೆರೆಗಳಿಗೂ ಅದೇ ಬಗೆಯಲ್ಲಿ ಜೀವ ಬಂತು. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ದಂಡೆಯ ರೈತರೇ ತೋರಿಸಬಲ್ಲರು. ಆದರೆ ಅಲ್ಲಿ ಜನ ಕೂಡಿದ್ದು ಸ್ವಾಮೀಜಿಯ ಮಾತಿಗೆ. ಅಷ್ಟು ನಂಬಿಕೆ ಗಳಿಸಿದ ಮಠ ಎಲ್ಲ ಊರಿಗೂ ಸಿಗುವುದಿಲ್ಲ. ಸರ್ಕಾರದ ದುಡ್ಡಿಗೆ ಸ್ವಾಮೀಜಿಯ ಹುರುಪನ್ನು ಕಾಯುತ್ತ ಕೂರುವುದೂ ಸರಿಯಲ್ಲ.

ಎರಡನೆಯದು ಗಂಭೀರ ಆಕ್ಷೇಪ. ಮತದಾನ ಎಂದರೆ ಬಹುಸಂಖ್ಯಾತರ ಓಣಿಗೆ ಎಲ್ಲ ಕೆಲಸ, ಹತ್ತು ಮನೆಯ ಕೇರಿಗೆ ಏನೂ ಇಲ್ಲ. ಗುಪ್ತ ಮತ ಭಯವನ್ನು ಕಳೆಯಬಹುದು, ಎಣಿಕೆಯನ್ನು ಬದಲಿಸಲಾರದು. ಇದಕ್ಕೆ ಉಪಾಯ ನಮ್ಮ ಸ್ಥಳೀಯ ಸಂಸ್ಥೆಗಳ ಲೆಕ್ಕದಲ್ಲೇ ಇದೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಶೇ 24.10ರ ಅನುದಾನ ಎತ್ತಿಡುವುದು ಯಾವ ಮುಖ್ಯಾಧಿಕಾರಿಗೂ ಬಾಯಿಪಾಠ. ಮತಕ್ಕೆ ಬಿಟ್ಟ ದುಡ್ಡಿನಲ್ಲೂ ಅಷ್ಟನ್ನು ಮೊದಲೇ ಬೇರೆ ಮಾಡಿ, ಅದರ ಆಯ್ಕೆಗೆ ಆ ಕೇರಿಗಳ ನಿವಾಸಿಗಳೇ ಮತ ಹಾಕಲಿ. ಇಂದು ಆ ಶೇ 24.10ರ ಕಾಮಗಾರಿಯನ್ನೂ ಅವರ ಹೆಸರಿನಲ್ಲಿ ಬೇರೆಯವರೇ ಆರಿಸುತ್ತಾರೆ.

ಗುತ್ತಿಗೆದಾರರು ದುಡ್ಡು ಹಂಚಿ ಮತ ಕೊಳ್ಳುತ್ತಾರೆ ಎನ್ನುವವರೂ ಇದ್ದಾರೆ. ಕೊಳ್ಳಲು ನೋಡಿಯಾರು. ಆದರೆ ಟೆಂಡರ್ ಯಾರಿಗೆ ಆಗುತ್ತದೆಂದು ಗೊತ್ತಿಲ್ಲದ ಇಪ್ಪತ್ತು ಲಕ್ಷದ ಚರಂಡಿಗೆ ಸಾವಿರ ಮನೆಗೆ ಪಾಕೀಟು ಹಂಚುವ ಗುತ್ತಿಗೆದಾರ ಲೆಕ್ಕದಲ್ಲಿ ದಡ್ಡನೇ ಇರಬೇಕು. ಈಗಿನ ಪದ್ಧತಿಯಲ್ಲಿ ಅವನು ನಾಲ್ಕೇ ಜನರನ್ನು ಹಿಡಿದರೆ ಸಾಕು.

ನಡೆಸುವ ಬಗೆಯೂ ಕಷ್ಟದ್ದೇನಲ್ಲ. ವಾರ್ಡ್ ವಾರ್ಡ್‌ಗಳಲ್ಲಿ ಸ್ತ್ರೀಶಕ್ತಿ ಸಂಘ, ಶಾಲೆ, ರೈತರಿಂದ ಬೇಡಿಕೆ ಬರಲಿ. ಎಂಜಿನಿಯರ್ ಅವನ್ನು ನೋಡಿ ಆಗುವುದು ಇಷ್ಟು, ಖರ್ಚು ಇಷ್ಟು ಎಂದು ಬರೆದು ಬಸ್ ನಿಲ್ದಾಣದಲ್ಲೂ ನ್ಯಾಯಬೆಲೆ ಅಂಗಡಿಯಲ್ಲೂ ಅಂಟಿಸಲಿ. ಆಗದ ಕೆಲಸ ಯಾಕೆ ಆಗದು ಎಂಬುದನ್ನೂ ಬರೆಯಲಿ. ಓದು ಬಾರದವರಿಗಾಗಿ ಚೀಟಿಯಲ್ಲಿ ಚಿತ್ರವಿರಲಿ: ಕೆರೆ, ನಲ್ಲಿ, ಶಾಲೆ, ದಾರಿ. ಒಬ್ಬೊಬ್ಬರಿಗೆ ಎರಡು ಮತ ಕೊಟ್ಟರೆ ಒಂದನ್ನು ತನ್ನ ಓಣಿಗೆ ಹಾಕಿದವರು ಇನ್ನೊಂದನ್ನು ಊರಿಗೆ ಹಾಕುವ ಸಂಭವ ಹೆಚ್ಚು. ಮಕ್ಕಳ ಗ್ರಾಮಸಭೆ ನಡೆಸುವ ರಾಜ್ಯ ಇದು. ಹೈಸ್ಕೂಲ್ ಮಕ್ಕಳಿಗೂ ಚೀಟಿ ಕೊಡಬಹುದು, ಶಾಲೆಯ ಶೌಚಾಲಯದ ಸ್ಥಿತಿ ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಎಲ್ಲಕ್ಕಿಂತ ನಾಜೂಕಾದದ್ದು ದಿನ ಗೊತ್ತು ಮಾಡುವುದು. ಬರದಿಂದ ಹೆಚ್ಚು ಪೆಟ್ಟು ತಿಂದವರು ಬರದ ದಿನಗಳಲ್ಲಿ ಊರಲ್ಲೇ ಇರುವುದಿಲ್ಲ. ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡಗಳ ನೆರಳಲ್ಲಿ ಶೆಡ್ಡು ಹಾಕಿಕೊಂಡಿರುತ್ತಾರೆ. ಫೆಬ್ರುವರಿಯ ಕಚೇರಿ ವೇಳೆಯಲ್ಲಿ ಮತದಾನ ಇಟ್ಟರೆ ಪೆಟ್ಟಿಗೆ ತುಂಬುವುದು ಊರಲ್ಲೇ ಉಳಿಯುವಷ್ಟು ಅನುಕೂಲ ಇದ್ದವರಿಂದ. ಗುಳೆ ಹೋದವರು ಮೊಹರಂಗೆ, ಊರ ಜಾತ್ರೆಗೆ ತಪ್ಪದೆ ಬರುತ್ತಾರೆ. ಪೆಟ್ಟಿಗೆ ಆ ವಾರ ಇಡಬೇಕು, ಸಂಜೆ ಹೊತ್ತು ತೆರೆದಿಡಬೇಕು. ವಿಳಾಸಕ್ಕೆ ರೇಷನ್ ಕಾರ್ಡ್ ಸಾಕು.

ಗೆದ್ದ ಕಾಮಗಾರಿ ಮುಗಿದ ಮೇಲೆ ಬಿಲ್ ಪಾಸಾಗುವ ಮುಂಚೆ ಲೆಕ್ಕವನ್ನು ಅದೇ ಜಾಗದಲ್ಲಿ ಅಂಟಿಸಬೇಕು. ಎಸ್ಟಿಮೇಟ್ ಎಷ್ಟಿತ್ತು, ಟೆಂಡರ್ ಎಷ್ಟಕ್ಕೆ ಆಯಿತು, ಉಳಿದದ್ದು ಎಲ್ಲಿ ಹೋಯಿತು ಎಂಬುದು ಮತ ಹಾಕಿದವರ ಕಣ್ಣಿಗೆ ಬೀಳಬೇಕು. ಎರಡನೇ ವರ್ಷ ಎಷ್ಟು ಜನ ಮತ ಹಾಕಲು ಬರುತ್ತಾರೆ ಎಂಬುದನ್ನು ಮೊದಲ ವರ್ಷದ ಈ ಹಾಳೆಯೇ ತೀರ್ಮಾನಿಸುತ್ತದೆ.

ಇದಕ್ಕೆ ಹೊಸ ಕಾಯ್ದೆ ತರುವವರೆಗೂ ಕಾಯುವ ಅಗತ್ಯ ಇಲ್ಲ. ಮಂಡಳಿ ತನ್ನ ಮಾರ್ಗಸೂಚಿಯಲ್ಲಿ ಒಂದು ಕಂಡಿಕೆ ಸೇರಿಸಿದರೆ ಸಾಕು. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿಯನ್ನು ಸರ್ಕಾರ 2024ರಲ್ಲಿ ನೇಮಿಸಿತ್ತು. ಯಾವ ತಾಲ್ಲೂಕಿಗೆ ಎಷ್ಟು ಎಂಬ ಪ್ರಶ್ನೆಗೆ ಇಂಥ ಸಮಿತಿಗಳು ಉತ್ತರ ಕೊಡಬಲ್ಲವು. ಆ ತಾಲ್ಲೂಕಿನೊಳಗೆ ಯಾವುದಕ್ಕೆ ಎಂಬುದನ್ನು ಕೇಳಲು ಕುಕನೂರಿನ ಶಾಲೆಯೊಂದರ ಕೊಠಡಿ, ಒಂದು ಪೆಟ್ಟಿಗೆ ಮತ್ತು ಜಾತ್ರೆಯ ವಾರದ ಎರಡು ಸಂಜೆ ಬೇಕು. ತಹಶೀಲ್ದಾರ್ ಕಚೇರಿಯಲ್ಲಿ ಚುನಾವಣೆ ನಡೆಸಿ ಪಳಗಿದ ಸಿಬ್ಬಂದಿ ಇದ್ದೇ ಇದ್ದಾರೆ. ಮುಂದಿನ ಕ್ರಿಯಾಯೋಜನೆಯ ಪಟ್ಟಿ ಕಲಬುರಗಿಯ ಮಂಡಳಿಗೆ ಹೋಗುವ ಮುಂಚೆ ಯಲಬುರ್ಗಾ ಕ್ಷೇತ್ರದಿಂದ ಅಂಥದ್ದೊಂದು ಪ್ರಸ್ತಾವ ಹೋಗಲಿ, ಮೊದಲ ಸಹಿ ಶಾಸಕರದೇ ಇರಲಿ.